ತಟ್ಟೆ ಬೋರಲು ಹಾಕಿ ನೋಡಿ!

ಹೊನ್ನಾವರದ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಚಿಕ್ಕಮ್ಮನ ಮನೆ. ಆ ಮನೆಯ ಜಗಲಿಯ ಗೋಡೆಗೂಡಿನಲ್ಲಿ ಒಂದು ನೀಲಿ-ಬಿಳಿ ಪಿಂಗಾಣಿ ತಟ್ಟೆ. ಬೇಸಿಗೆ ರಜೆಗೆ ಹೋದ ನಾವು ಮಕ್ಕಳು ಮಾವಿನ ಮರ ಹತ್ತಬಹುದಿತ್ತು, ಬಾವಿಕಟ್ಟೆಯ ಮೇಲೆ ಕೂರಬಹುದಿತ್ತು, ಆದರೆ ಆ ತಟ್ಟೆಯನ್ನು ಮಾತ್ರ ಮುಟ್ಟುವ ಹಾಗಿರಲಿಲ್ಲ. ತಟ್ಟೆಯ ನಡುವೆ ಒಂದು ಸೇತುವೆ, ಸೇತುವೆಯ ಮೇಲೆ ಕೊಡೆ ಹಿಡಿದ ಒಬ್ಬ ಮನುಷ್ಯ, ಆಚೆ ದಡದಲ್ಲಿ ಮಾಳಿಗೆಯ ಮೇಲೆ ಮಾಳಿಗೆ ಏರಿದ ಮನೆ, ನೀರಿನಲ್ಲಿ ಒಂದು ದೋಣಿ. ಅಂಚಿನ ಸುತ್ತ ಈಟಿಯ ಮೊನೆಗಳ ಸಾಲು. ತಿರುವಿದರೆ ಬೆನ್ನಿನಲ್ಲಿ ಮೂರು ಹಿತ್ತಾಳೆಯ ಕೊಂಡಿಗಳು. ಚಿಕ್ಕಪ್ಪನ ಮುತ್ತಜ್ಜ ಅದನ್ನು ಮುಂಬಯಿಯಿಂದ ಪತ್ತೆಮಾರಿಯಲ್ಲಿ ತಂದದ್ದಂತೆ. ಇಷ್ಟೇ ಅದರ ಚರಿತ್ರೆ.

2019ರಲ್ಲಿ ಚಿಕ್ಕಮ್ಮನ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಮೊದಲ ವರ್ಷದ ಶುಲ್ಕವನ್ನು ಚಿಕ್ಕಪ್ಪ ಹೇಗೋ ಹೊಂದಿಸಿದರು. ಉಳಿದ ಮೂರು ವರ್ಷದ್ದೇ ಚಿಂತೆ. ಆಗ ಎಲ್ಲರ ಕಣ್ಣೂ ಗೋಡೆಗೂಡಿನ ಕಡೆ ಹೊರಳಿತು.

ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬ ಬಂದ. ತಟ್ಟೆಯನ್ನು ಮಗುಚಿ ನೋಡಿ, ‘ತಳದಲ್ಲಿ ಮುದ್ರೆಯೇ ಇಲ್ಲ. ಇದು ಚೀನಾದ್ದಲ್ಲ, ಇಂಗ್ಲೆಂಡಿನ ಛಾಪಾ ಮಾಲು. ಐನೂರು ಕೊಡ್ತೇನೆ’ ಎಂದ. ಮಾರನೆಯ ದಿನ ಚಿಕ್ಕಪ್ಪನ ಗೆಳೆಯರೊಬ್ಬರು ಬಂದು ಅದೇ ತಟ್ಟೆಯನ್ನು ನೋಡಿ ಬೇರೆಯೇ ರಾಗ ತೆಗೆದರು. 2014ರಲ್ಲಿ ಹಾಂಗ್‌ಕಾಂಗ್‌ನ ಹರಾಜಿನಲ್ಲಿ ಚೀನಾದ ಅಂಗೈಯಗಲದ ಒಂದು ಬಟ್ಟಲು 28 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯಿತಂತೆ! ಅದು ಸುಳ್ಳೇನಲ್ಲ. ಮಿಂಗ್ ಕಾಲದ, ಕೋಳಿಯ ಚಿತ್ರವಿರುವ ಆ ಬಟ್ಟಲಿನ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆದರೆ ಐನೂರು ರೂಪಾಯಿಗೂ ಕೋಟಿಗೂ ನಡುವೆ ಸಿಕ್ಕಿಬಿದ್ದ ಮನೆಯವರಿಗೆ ಅಂದಿನಿಂದ ನಿದ್ದೆ ಇಲ್ಲದಂತಾಯಿತು.

ಆ ವರ್ಷ ನವೆಂಬರಿನಲ್ಲಿ ಕೆಲಸದ ಮೇಲೆ ನಾನು ಚೀನಾದ ಗುವಾಂಗ್‌ಝೌಗೆ ಹೊರಟಿದ್ದೆ. ‘ತಮಾ, ಹೇಗೂ ಚೀನಾಕ್ಕೇ ಹೋಗ್ತಿದ್ದೆ, ಅಲ್ಲೇ ಕೇಳ್ಕಂಡು ಬಾ’ ಎಂದರು ಚಿಕ್ಕಮ್ಮ. ತಟ್ಟೆಯನ್ನೇ ಒಯ್ಯುವಂತಿರಲಿಲ್ಲ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ದೇಶದಿಂದಾಚೆ ಸಾಗಿಸುವುದನ್ನು ನಮ್ಮ 1972ರ ಕಾಯಿದೆ ನಿಷೇಧಿಸುತ್ತದೆ. ಹಾಗಾಗಿ ಎದುರಿನದು, ಬೆನ್ನಿನದು, ಅಂಚಿನದು ಎಂದು ಹತ್ತಾರು ಫೋಟೋ ತೆಗೆದುಕೊಂಡೆ. ಅಳತೆ ಬರೆದುಕೊಂಡೆ. ಹೊರಟೆ.

ಹದಿಮೂರು ಅಂಗಡಿಗಳ ಬೀದಿ

ಗುವಾಂಗ್‌ಝೌ ಎಂದರೆ ನಮ್ಮ ಚರಿತ್ರೆಯ ಪುಸ್ತಕಗಳ ಕ್ಯಾಂಟನ್. 1757ರಿಂದ ಸುಮಾರು 85 ವರ್ಷ ಪಶ್ಚಿಮದ ಹಡಗುಗಳಿಗೆ ಚೀನಾದಲ್ಲಿ ತೆರೆದಿದ್ದದ್ದು ಈ ಒಂದೇ ಬಂದರು. ಇಂಗ್ಲಿಷರು, ಡಚ್ಚರು, ಫ್ರೆಂಚರು, ಸ್ವೀಡನ್ನಿನವರು, ಡೇನರು, ಕಡೆಗೆ ಅಮೆರಿಕನ್ನರು ಎಲ್ಲರೂ ಪರ್ಲ್ ನದಿಯ ದಂಡೆಯ ಒಂದು ಚಿಕ್ಕ ಪಟ್ಟಿಯಲ್ಲೇ ಬಿಡಾರ ಹೂಡಬೇಕು, ಸರ್ಕಾರ ಗೊತ್ತುಮಾಡಿದ ವರ್ತಕರ ಜೊತೆಗೇ ವ್ಯವಹಾರ ಮಾಡಬೇಕು. ಆ ಬಿಡಾರಗಳ ಸಾಲಿಗೆ ‘ಹದಿಮೂರು ಹಾಂಗ್’ ಎಂದು ಹೆಸರು. 1856ರ ಡಿಸೆಂಬರಿನ ಬೆಂಕಿಯಲ್ಲಿ ಅವೆಲ್ಲ ಸುಟ್ಟುಹೋದವು. ಈಗ ಅಲ್ಲಿರುವುದು ಒಂದು ಸಾಂಸ್ಕೃತಿಕ ಉದ್ಯಾನ, ಅದರೊಳಗೆ 2016ರಲ್ಲಿ ತೆರೆದ ಒಂದು ವಸ್ತುಸಂಗ್ರಹಾಲಯ. ಹೊರಗಡೆ ಬಟ್ಟೆಯ ಸಗಟು ಮಾರುಕಟ್ಟೆಯ ಗದ್ದಲ. ತಳ್ಳುಗಾಡಿಗಳಿಗೆ ದಾರಿಬಿಟ್ಟು ಒಳಗೆ ಹೋಗಬೇಕು.

ಗಾಜಿನ ಹಿಂದೆ ಸಾಲಾಗಿ ನಿಂತ ತಟ್ಟೆಗಳನ್ನು ಕಂಡು ನನಗೆ ದಿಗಿಲಾಯಿತು. ಯುರೋಪಿನ ಮನೆತನಗಳ ಲಾಂಛನ ಬರೆದ ತಟ್ಟೆ, ಹಡಗಿನ ಚಿತ್ರದ ತಟ್ಟೆ, ಹೂವಿನದು, ಹಕ್ಕಿಯದು… ಎಲ್ಲವನ್ನೂ ಮಾಡಿದವರು ಚೀನೀಯರು, ಆದರೆ ಮಾಡಿದ್ದು ಯಾವುದೂ ತಮ್ಮ ಊಟಕ್ಕಲ್ಲ. ಅಗಲವಾದ ಚಪ್ಪಟೆ ಅಂಚಿನ ಊಟದ ತಟ್ಟೆಯೇ ಯುರೋಪಿನ ಬೇಡಿಕೆಯಿಂದ ಬಂದ ಆಕಾರ. ಚೀನೀಯರ ಅನ್ನ ಬಟ್ಟಲಿನಲ್ಲಿ. ರಫ್ತಿನ ಪಿಂಗಾಣಿ ಎನ್ನುವುದು ಹೀಗೆ ಗಿರಾಕಿಯ ರುಚಿಗೆ ತಕ್ಕಂತೆ ಹುಟ್ಟಿದ ಮಾಲು. ಚಿಕ್ಕಪ್ಪನ ಗೆಳೆಯರು ಹೇಳಿದ ಕೋಳಿ ಬಟ್ಟಲು ಅರಮನೆಯದು. ಅರಮನೆಯ ಮಾಲಿಗೂ ರಫ್ತಿನ ಮಾಲಿಗೂ ರೇಷ್ಮೆ ಸೀರೆಗೂ ಗಿರಣಿ ಸೀರೆಗೂ ಇರುವಷ್ಟು ಅಂತರ. ನನ್ನ ಮೊದಲ ಪಾಠ ಅದಾಯಿತು. ಕೋಟಿಯ ಆಸೆ ಅಲ್ಲಿಯೇ ಅರ್ಧ ಇಳಿದುಹೋಯಿತು.

ಇನ್ನೊಂದು ವಿಷಯವನ್ನೂ ಅಲ್ಲಿ ತಿಳಿದೆ. ಹಡಗುಗಳಿಗೆ ಮುಖ್ಯ ಸರಕು ಪಿಂಗಾಣಿ ಅಲ್ಲ, ಚಹಾ. ಚಹಾ ಹಗುರ, ನೀರು ತಾಗಿದರೆ ಕೆಡುತ್ತದೆ. ಪಿಂಗಾಣಿ ಭಾರ, ನೀರಿಗೆ ಅದರ ಭಯವಿಲ್ಲ. ಆದ್ದರಿಂದ ಹಡಗಿನ ತಳದಲ್ಲಿ ಪಿಂಗಾಣಿಯ ಪೆಟ್ಟಿಗೆಗಳನ್ನು ಹಾಸಿ ಅದರ ಮೇಲೆ ಚಹಾ ಪೆಟ್ಟಿಗೆ ಏರಿಸುತ್ತಿದ್ದರು. ಹಡಗು ಸ್ಥಿರವಾಗಿಯೂ ಇರುತ್ತಿತ್ತು, ಎರಡು ಕಾಸಿನ ಲಾಭವೂ ಬರುತ್ತಿತ್ತು!

ಒಂದು ತಟ್ಟೆಗೆ ಎಪ್ಪತ್ತು ಕೈ

ತಟ್ಟೆಗಳು ಹಡಗೇರಿದ್ದು ಕ್ಯಾಂಟನ್‌ನಲ್ಲಿ. ಹುಟ್ಟಿದ್ದು ಮಾತ್ರ ಉತ್ತರಕ್ಕೆ ನೂರಾರು ಕಿಲೋಮೀಟರು ದೂರದ, ಜಿಯಾಂಗ್‌ಶಿ ಪ್ರಾಂತದ ಜಿಂಗ್‌ಡೆಜೆನ್‌ನಲ್ಲಿ. ಎರಡು ದಿನ ರಜೆ ಉಳಿದಿತ್ತು. ರೈಲು ಹಿಡಿದು ಆ ಪ್ರಾಂತದ ರಾಜಧಾನಿ ನಾನ್‌ಚಾಂಗ್‌ಗೆ ಹೋದೆ. ಅಲ್ಲಿ ವೈದ್ಯಕೀಯ ಓದುತ್ತಿದ್ದ ದಾವಣಗೆರೆಯ ಹುಡುಗನೊಬ್ಬ ಪರಿಚಯದವರ ಮೂಲಕ ಗೊತ್ತಿದ್ದ. ಚೀನಿ ಭಾಷೆಯನ್ನು ಬೆಣ್ಣೆದೋಸೆಯಷ್ಟೇ ಸಲೀಸಾಗಿ ಮುಗಿಸುತ್ತಿದ್ದ ಅವನು ‘ಬರ್ರಿ ಸರ್, ನಾನೂ ನೋಡಿಲ್ಲ’ ಎಂದು ಜೊತೆಗೆ ಹೊರಟ.

ಬಸ್ಸು ಇಳಿದ ಕೂಡಲೇ ಊರು ಏನೆಂದು ತಿಳಿಯುತ್ತದೆ. ಬೀದಿದೀಪದ ಕಂಬಗಳಿಗೂ ಪಿಂಗಾಣಿಯ ಹೊದಿಕೆ! ಹಳೆಯ ಓಣಿಗಳ ಗೋಡೆಗಳನ್ನು ಒಡೆದ ಆವಿಗೆಗಳ ಇಟ್ಟಿಗೆಯಿಂದ ಕಟ್ಟಿದ್ದಾರೆ. ನೂರಾರು ಸಲ ಬೆಂಕಿ ಉಂಡ ಆ ಇಟ್ಟಿಗೆಗಳು ಗಾಜಿನಂತೆ ಮಿನುಗುತ್ತವೆ. ಊರಿನ ಹೆಸರೇ ಚಕ್ರವರ್ತಿಯ ಬಿರುದು. ಸಾಂಗ್ ವಂಶದ ದೊರೆ 1004ರಲ್ಲಿ ಆರಂಭವಾದ ತನ್ನ ‘ಜಿಂಗ್‌ಡೆ’ ಎಂಬ ಆಳ್ವಿಕೆಯ ಶಕೆಯ ಹೆಸರನ್ನೇ ಊರಿಗಿಟ್ಟ. ಸಾವಿರ ವರ್ಷವಾದರೂ ಇಲ್ಲಿಯ ಬೆಂಕಿ ಆರಿಲ್ಲ.

ಪಿಂಗಾಣಿಗೆ ಎರಡು ಕಚ್ಚಾವಸ್ತು ಬೇಕು. ಒಂದು ಬಿಳಿ ಜೇಡಿ. ಹತ್ತಿರದ ಗಾವೊಲಿಂಗ್ ಎಂಬ ಹಳ್ಳಿಯ ಗುಡ್ಡದಿಂದ ಬರುತ್ತಿದ್ದ ಅದಕ್ಕೆ ಆ ಹಳ್ಳಿಯ ಹೆಸರಿನಿಂದಲೇ ‘ಕೇವೊಲಿನ್’ ಎಂಬ ಹೆಸರು ಜಗತ್ತಿನಲ್ಲೆಲ್ಲ ನಿಂತಿತು. ಇನ್ನೊಂದು, ಕುಟ್ಟಿ ಹಿಟ್ಟು ಮಾಡಿದ ಒಂದು ಬಗೆಯ ಕಲ್ಲು. ಊರಾಚೆಯ ಸಾನ್‌ಬಾವೊ ಕಣಿವೆಯಲ್ಲಿ ತೊರೆಯ ನೀರಿನಿಂದ ತಿರುಗುವ ಚಕ್ರ ದೊಡ್ಡ ಮರದ ಒನಕೆಗಳನ್ನೆತ್ತಿ ಕಲ್ಲು ಕುಟ್ಟುತ್ತದೆ. ನಮ್ಮಲ್ಲಿ ಅವಲಕ್ಕಿ ಕುಟ್ಟುವ ಸದ್ದೇ! ಜೇಡಿ ಎಲುಬಿನ ಹಾಗೆ, ಕಲ್ಲಿನ ಹಿಟ್ಟು ಮಾಂಸದ ಹಾಗೆ ಎಂದು ಅಲ್ಲಿನ ಕುಂಬಾರರು ವಿವರಿಸುತ್ತಾರೆ. ಎರಡೂ ಸೇರಿ ಸುಮಾರು 1300 ಡಿಗ್ರಿ ಶಾಖದಲ್ಲಿ ಬೆಂದಾಗ ಮಣ್ಣು ಅರೆಗಾಜಾಗುತ್ತದೆ. ಬಡಿದರೆ ಗಂಟೆಯ ನಾದ, ದೀಪಕ್ಕೆ ಹಿಡಿದರೆ ಬೆಳಕು ತೂರುತ್ತದೆ. ಯುರೋಪಿಗೆ ಈ ಗುಟ್ಟು ಶತಮಾನಗಳ ಕಾಲ ಬಿಡಿಸಲಾಗದ ಒಗಟಾಗಿತ್ತು. ಜರ್ಮನಿಯ ಮೈಸೆನ್‌ನಲ್ಲಿ ಕಾರ್ಖಾನೆ ಶುರುವಾದದ್ದು 1710ರಲ್ಲಿ. ಅದಾಗಿ ಎರಡೇ ವರ್ಷಕ್ಕೆ, 1712ರಲ್ಲಿ, ದಾಂತ್ರಕೋಲ್ ಎಂಬ ಫ್ರೆಂಚ್ ಪಾದ್ರಿ ಜಿಂಗ್‌ಡೆಜೆನ್‌ನ ಕೆಲಸದ ರೀತಿಯನ್ನೆಲ್ಲ ವಿವರವಾಗಿ ಪತ್ರದಲ್ಲಿ ಬರೆದು ಕಳುಹಿಸಿದ. ಒಂದು ಪಾತ್ರೆ ಸಿದ್ಧವಾಗುವ ಹೊತ್ತಿಗೆ ಎಪ್ಪತ್ತು ಜನರ ಕೈ ದಾಟಿರುತ್ತದೆಂದು ಅವನು ಲೆಕ್ಕ ಕೊಟ್ಟಿದ್ದಾನೆ. ಒಬ್ಬ ಗೆರೆ ಎಳೆದರೆ ಇನ್ನೊಬ್ಬ ಬಣ್ಣ ತುಂಬುತ್ತಾನೆ. ಬೆಟ್ಟ ಬರೆಯುವವನು ಬೇರೆ, ಹಕ್ಕಿ ಬರೆಯುವವನು ಬೇರೆ.

ಸಿದ್ಧವಾದ ತಟ್ಟೆಗಳು ಚಾಂಗ್ ನದಿಯಲ್ಲಿ ದೋಣಿಯೇರಿ ಪೊಯಾಂಗ್ ಸರೋವರಕ್ಕೆ, ಅಲ್ಲಿಂದ ಗಾನ್ ನದಿಯ ಎದುರು ಪ್ರವಾಹದಲ್ಲಿ ದಕ್ಷಿಣಕ್ಕೆ, ಮೆಯ್‌ಲಿಂಗ್ ಘಟ್ಟದ ಬುಡಕ್ಕೆ. ಘಟ್ಟವನ್ನು ಕೂಲಿಗಳು ಹೆಗಲ ಮೇಲೆ ಹೊತ್ತು ದಾಟಿಸಬೇಕು. ಆಚೆ ಮತ್ತೆ ದೋಣಿ, ಕಡೆಗೆ ಕ್ಯಾಂಟನ್. ನೀಲಿ ಚಿತ್ರದ ತಟ್ಟೆಗಳು ಇಲ್ಲಿಯೇ ಪೂರ್ಣವಾಗಿ ಹೋಗುತ್ತಿದ್ದವು. ಏಕೆಂದರೆ ಕೋಬಾಲ್ಟಿನ ನೀಲಿಯನ್ನು ಹಸಿ ತಟ್ಟೆಗೆ ಬಳಿದು, ಮೇಲೆ ಮೆರುಗಿನ ಲೇಪ ಕೊಟ್ಟು ಒಂದೇ ಸಲ ಬೇಯಿಸಬೇಕು. ಗುಲಾಬಿ, ಹಸಿರು, ಹಳದಿಗಳನ್ನು ಮೆರುಗಿನ ಮೇಲೆ ಬರೆದು ಮತ್ತೆ ಮೆಲ್ಲಗೆ ಸುಡಬೇಕು. 18ನೇ ಶತಮಾನದಲ್ಲಿ ಬಿಳಿ ತಟ್ಟೆಗಳನ್ನು ತರಿಸಿಕೊಂಡು ಆ ಕೆಲಸವನ್ನು ಕ್ಯಾಂಟನ್‌ನಲ್ಲೇ ಮಾಡುವ ಚಿತ್ರಶಾಲೆಗಳು ಎದ್ದವು. ಗಿರಾಕಿ ಹತ್ತಿರವೇ ಇದ್ದನಲ್ಲ!

ಮುದ್ರೆ ಎಂಬ ಮಾಯೆ

ಜಿಂಗ್‌ಡೆಜೆನ್‌ನಲ್ಲಿ ಬೆಳಗಿನ ಜಾವದ ಒಂದು ಸಂತೆ ಇದೆ. ಊರವರು ಅದಕ್ಕೆ ‘ದೆವ್ವದ ಸಂತೆ’ ಎನ್ನುತ್ತಾರೆ. ಕತ್ತಲಿದ್ದಾಗಲೇ ಬ್ಯಾಟರಿ ಹಿಡಿದು ಬರುವ ಮಂದಿ ನೆಲದ ಮೇಲೆ ಹಾಸಿದ ಹಳೆಯ ಚೂರುಗಳನ್ನು ಮಗುಚಿ ಮಗುಚಿ ನೋಡುತ್ತಾರೆ. ಒಬ್ಬ ವ್ಯಾಪಾರಿ ನನ್ನ ಮುಂದೆ ಒಂದು ತಟ್ಟೆ ಹಿಡಿದ. ತಳದಲ್ಲಿ ನೀಲಿ ಜೋಡಿವೃತ್ತ, ಒಳಗೆ ಆರು ಚೀನಿ ಅಕ್ಷರ. ‘ಕಾಂಗ್‌ಶಿ ಚಕ್ರವರ್ತಿಯ ಕಾಲದ್ದು ಅಂತ ಬರ್ದೈತಿ ಸರ್’ ಎಂದ ನಮ್ಮ ಹುಡುಗ. ಕಾಂಗ್‌ಶಿಯ ಕಾಲ ಎಂದರೆ 1662ರಿಂದ 1722. ನನ್ನ ಎದೆ ಹೊಡೆದುಕೊಂಡಿತು. ಬೆಲೆ ಕೇಳಿದರೆ ನಮ್ಮ ಲೆಕ್ಕದಲ್ಲಿ ನಾನೂರು ರೂಪಾಯಿಯೂ ಇಲ್ಲ! ಪಕ್ಕದಲ್ಲಿ ಅಂಥವೇ ಇನ್ನೂ ಹನ್ನೆರಡು ಜೋಡಿಸಿಟ್ಟಿದ್ದ.

ಆಗ ನಮ್ಮ ನೆರವಿಗೆ ಬಂದವರು ಹತ್ತಿರದ ಅಂಗಡಿಯ ಒಬ್ಬ ಮುದುಕಿ. ಸರ್ಕಾರಿ ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಚಿತ್ರ ಬರೆದು ನಿವೃತ್ತರಾದವರು. ನಮ್ಮ ಪೆಚ್ಚುಮುಖ ನೋಡಿ ನಕ್ಕು ಒಳಗೆ ಕರೆದು ಬಿಸಿನೀರು ಕೊಟ್ಟರು. ಅವರು ಹೇಳಿದ್ದರ ಸಾರ ಇಷ್ಟು. ಮುದ್ರೆಯನ್ನು ನಂಬಿ ಕೆಟ್ಟವರೇ ಹೆಚ್ಚು. ಕಾಂಗ್‌ಶಿಯ ಕಾಲದ ಕುಂಬಾರರೇ ತಮಗಿಂತ ಇನ್ನೂರು ವರ್ಷ ಹಿಂದಿನ ಮಿಂಗ್ ದೊರೆಗಳ ಹೆಸರು ಬರೆಯುತ್ತಿದ್ದರು. ಮೋಸಕ್ಕಲ್ಲ, ಹಿರಿಯರ ಮೇಲಿನ ಗೌರವಕ್ಕೆ. 19ನೇ ಶತಮಾನದವರು ಕಾಂಗ್‌ಶಿಯ ಹೆಸರು ಬರೆದರು. ಈಗಿನವರು ಎಲ್ಲರ ಹೆಸರನ್ನೂ ಬರೆಯುತ್ತಾರೆ! 1677ರಲ್ಲಂತೂ ಊರಿನ ಅಧಿಕಾರಿಯೊಬ್ಬ ಚಕ್ರವರ್ತಿಯ ಹೆಸರನ್ನು ತಟ್ಟೆಗಳ ಮೇಲೆ ಬರೆಯಬಾರದೆಂದೇ ಆಜ್ಞೆ ಹೊರಡಿಸಿದ್ದ. ತಟ್ಟೆ ಒಡೆದರೆ ದೊರೆಯ ಹೆಸರು ಕಾಲಡಿಗೆ ಬೀಳುತ್ತದಲ್ಲ! ಅದರಿಂದ ಆ ಕಾಲದ ಎಷ್ಟೋ ತಟ್ಟೆಗಳ ತಳದಲ್ಲಿ ಬರೀ ಜೋಡಿವೃತ್ತ, ಇಲ್ಲವೇ ಒಂದು ಎಲೆ. ಇನ್ನು 18ನೇ ಶತಮಾನದ ರಫ್ತಿನ ತಟ್ಟೆಗಳಲ್ಲಿ ಹೆಚ್ಚಿನವಕ್ಕೆ ಮುದ್ರೆಯೇ ಇಲ್ಲ.

ಹಾಗಾದರೆ ನಮ್ಮೂರಿಗೆ ಬಂದ ವ್ಯಾಪಾರಿಯ ಮಾತು ತಲೆಕೆಳಗಾಯಿತು. ಮುದ್ರೆ ಇಲ್ಲದ್ದೇ ತಟ್ಟೆಯ ವಿರುದ್ಧ ಸಾಕ್ಷಿಯಲ್ಲ. ಒಂದು ಮುದ್ರೆಯನ್ನು ಮಾತ್ರ ನಂಬಬಹುದು. ಇಂಗ್ಲಿಷ್ ಅಕ್ಷರದಲ್ಲಿ ‘ಚೈನಾ’ ಎಂದು ಒತ್ತಿದ್ದರೆ ಅದು ಸಾಮಾನ್ಯವಾಗಿ 1891ರ ಈಚಿನದು. ಆಮದು ಮಾಲಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿದ್ದೇ ಅದಕ್ಕೆ ಕಾರಣ. ‘ಮೇಡ್ ಇನ್ ಚೈನಾ’ ಎಂದಿದ್ದರೆ ಇನ್ನೂ ಈಚೆಗೆ, 20ನೇ ಶತಮಾನದ್ದು.

ನಾನು ಫೋಟೋಗಳನ್ನು ತೋರಿಸಿದೆ. ಅಜ್ಜಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ ಹೇಳಿದರು: ‘ಫೋಟೋ ನೋಡಿ ತಟ್ಟೆಯ ವಯಸ್ಸು ಹೇಳುವವರನ್ನು ನಂಬಬೇಡ. ನಾನು ನೋಡುವ ಕ್ರಮ ಹೇಳಿಕೊಡುತ್ತೇನೆ. ಮನೆಗೆ ಹೋಗಿ ನೀನೇ ನೋಡು. ಮುಖಕ್ಕೆ ಬಣ್ಣ ಹಚ್ಚಬಹುದು, ಪಾದ ಸುಳ್ಳು ಹೇಳುವುದು ಕಷ್ಟ.’

ಅಜ್ಜಿ ಕಲಿಸಿದ ಕ್ರಮ

ಮೊದಲನೆಯದು ಬೆಳಕು. ಕತ್ತಲೆ ಕೋಣೆಯಲ್ಲಿ ತಟ್ಟೆಯ ಹಿಂದೆ ಬ್ಯಾಟರಿ ಹಿಡಿದು, ನಡುವೆ ಬೆರಳಿಟ್ಟು ನೋಡಿ. ಬೆರಳಿನ ನೆರಳು ಈಚೆಗೆ ಕಂಡರೆ ಅದು ಪಿಂಗಾಣಿ. ಇಂಗ್ಲೆಂಡಿನ ಹಳೆಯ ನೀಲಿ ತಟ್ಟೆಗಳಲ್ಲಿ ಬಹುಪಾಲು ಮಣ್ಣಿನವು. ಅವುಗಳ ಮೂಲಕ ಬೆಳಕು ತೂರುವುದಿಲ್ಲ.

ಎರಡನೆಯದು ಕುಂಚ. ಎರಡು ಹಕ್ಕಿ, ಸೇತುವೆ, ನೀರಿಗೆ ಬಾಗಿದ ಮರ ಇರುವ ‘ವಿಲೋ’ ಚಿತ್ರ ಚೀನಾದ್ದೆಂದು ಎಲ್ಲರೂ ತಿಳಿದಿದ್ದಾರೆ. ಅದು ಚೀನೀ ಚಿತ್ರಗಳನ್ನು ನೋಡಿ ಇಂಗ್ಲೆಂಡಿನವರು 18ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ತಾಮ್ರದ ಹಲಗೆಯಲ್ಲಿ ಕೊರೆದು, ಕಾಗದದ ಮೇಲೆ ಮುದ್ರಿಸಿ, ತಟ್ಟೆಗೆ ಅಂಟಿಸಿ ಇಳಿಸಿದ್ದು. ಭೂತಗನ್ನಡಿಯಲ್ಲಿ ನೋಡಿದರೆ ನೆರಳೆಲ್ಲ ಸಣ್ಣ ಗೆರೆ, ಚುಕ್ಕೆಗಳಿಂದ ಆಗಿರುತ್ತದೆ. ಅಂಚಿನಲ್ಲಿ ಕಾಗದ ಕೂಡಿದ ಕಡೆ ವಿನ್ಯಾಸ ತಪ್ಪಿರುತ್ತದೆ. ಕೈಬರಹವಾದರೆ ಗಾಢವಾದ ಹೊರಗೆರೆ, ಒಳಗೆ ತೆಳು ನೀಲಿಯ ಬಳಿತ, ಕುಂಚ ನಿಂತಲ್ಲಿ ಬಣ್ಣದ ಮಡು.

ಮೂರನೆಯದು ಪಾದ. ತಟ್ಟೆ ಕೂರುವ ತಳದ ಬಳೆಗೆ ಮೆರುಗು ಇರುವುದಿಲ್ಲ, ಇದ್ದರೆ ಆವಿಗೆಯಲ್ಲಿ ಅಂಟಿಕೊಂಡುಬಿಡುತ್ತದೆ. ಆ ಬತ್ತಲೆ ಮಣ್ಣೇ ತಟ್ಟೆಯ ಜಾತಕ. ಮಿಂಗ್ ಕೊನೆಗಾಲದ ರಫ್ತಿನ ತಟ್ಟೆಗಳಿಗೆ ಅಲ್ಲಿ ಮರಳು ಮೆತ್ತಿರುತ್ತದೆ, ತಳದಲ್ಲಿ ಚಕ್ರದ ಅರೆಗಳಂಥ ಗೀರುಗಳಿರುತ್ತವೆ. 18ನೇ ಶತಮಾನದವುಗಳಲ್ಲಿ ಮೆರುಗು ಮುಗಿಯುವ ಅಂಚಿಗೆ ಎಷ್ಟೋ ಸಲ ಕಬ್ಬಿಣದ ತುಕ್ಕಿನ ಬಣ್ಣದ ಸಣ್ಣ ಗೆರೆ. 19ನೇ ಶತಮಾನದ ಒರಟು ಮಾಲಿನಲ್ಲಿ ಮೆರುಗು ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ ಬಿದ್ದಿರುತ್ತದೆ.

ನಾಲ್ಕನೆಯದು ಅಂಚು ಮತ್ತು ಬಣ್ಣ. ಅಂಚನ್ನು ಬಾಳೆಹಣ್ಣಿನ ಹೋಳುಗಳಂತೆ ಅಗಲ-ಕಿರಿದು ಪಟ್ಟಿಗಳಾಗಿ ವಿಂಗಡಿಸಿದ್ದರೆ ಅದು ‘ಕ್ರಾಕ್’ ಶೈಲಿ. 16ನೇ ಶತಮಾನದ ಉತ್ತರಾರ್ಧದಿಂದ ಸುಮಾರು 1640ರ ತನಕ ನಡೆದದ್ದು. ಪೋರ್ಚುಗೀಸರ ‘ಕರಾಕ್’ ಹಡಗುಗಳಿಂದ ಆ ಹೆಸರು ಬಂತೆನ್ನುತ್ತಾರೆ. 1603ರಲ್ಲಿ ಸಿಂಗಪುರದ ಬಳಿ ಡಚ್ಚರು ‘ಸಾಂಟಾ ಕಟರೀನಾ’ ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದು, ಅದರಲ್ಲಿದ್ದ ಸುಮಾರು ಒಂದು ಲಕ್ಷ ಪಿಂಗಾಣಿಗಳನ್ನು ಹರಾಜು ಹಾಕಿದರು. ಯುರೋಪಿಗೆ ಪಿಂಗಾಣಿಯ ಹುಚ್ಚು ಹೆಚ್ಚಿದ್ದು ಅಲ್ಲಿಂದ. ಹಸಿರೇ ಮೇಲುಗೈಯಾಗಿದ್ದರೆ ಕಾಂಗ್‌ಶಿಯ ಕಾಲದ ಶೈಲಿ. ದಟ್ಟ ಗುಲಾಬಿ ಇದ್ದರೆ 1720ಕ್ಕೆ ಮೊದಲಿನದಾಗಿರಲಾರದು. ಚಿನ್ನದಿಂದ ತೆಗೆಯುವ ಆ ಬಣ್ಣ ಬಳಕೆಗೆ ಬಂದದ್ದೇ ಆ ಸುಮಾರಿಗೆ. ನೀಲಿ ತಟ್ಟೆಯ ಅಂಚಿನಲ್ಲಿ ಈಟಿಮೊನೆಗಳ ಸಾಲಿದ್ದರೆ ‘ನಾನ್‌ಕಿಂಗ್’ ಬಗೆ. ಸರಿಸುಮಾರು 18ನೇ ಶತಮಾನದ ಕೊನೆಯ ಭಾಗದಿಂದ 19ರ ಆರಂಭ. ಈಟಿಯ ಬದಲು ಮೋಡದ ಹಾಗೆ ಅಲೆಯಲೆಯಾದ ಅಂಚಿದ್ದರೆ ‘ಕ್ಯಾಂಟನ್’ ಬಗೆ, ಅದು 19ನೇ ಶತಮಾನದುದ್ದಕ್ಕೂ ನಡೆದ ಅಗ್ಗದ ಮಾಲು.

ಐದನೆಯದು ಸವೆತ. ಇನ್ನೂರು ವರ್ಷ ಊಟಕ್ಕೆ ಬಳಸಿದ ತಟ್ಟೆಯ ಗೀರುಗಳು ದಿಕ್ಕುದಿಕ್ಕಿಗೆ ಇರುತ್ತವೆ. ಮರಳುಕಾಗದದಿಂದ ಹಳತು ಮಾಡಿದ ತಟ್ಟೆಯ ಗೀರುಗಳು ಒಂದೇ ದಿಕ್ಕಿಗೆ.

ಇವುಗಳಲ್ಲಿ ಯಾವುದೋ ಒಂದನ್ನು ಹಿಡಿದು ತೀರ್ಪು ಹೇಳಬಾರದು. ಐದೂ ಒಂದೇ ಮಾತು ಹೇಳಿದರೆ ಮಾತ್ರ ನಂಬಬೇಕು. ನ್ಯಾಯಾಲಯದಲ್ಲಿ ಸಾಕ್ಷಿಗಳ ಹಾಗೆ!

ಮುಳುಗಿದ ಹಡಗುಗಳ ಪಂಚಾಂಗ

‘ಈಟಿಮೊನೆ ಇದ್ದರೆ ಇಂಥ ಕಾಲ’ ಎಂದು ಇಷ್ಟು ಖಚಿತವಾಗಿ ಹೇಳುವುದು ಹೇಗೆ? ಯಾರಾದರೂ ಜಾಣ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಇದು. ಉತ್ತರ ಸಮುದ್ರದ ತಳದಲ್ಲಿದೆ. ಹಡಗು ಮುಳುಗಿದ ದಿನ ಕಂಪನಿಯ ಕಡತದಲ್ಲಿ ದಾಖಲಾಗಿರುತ್ತದೆ. ಹಡಗಿನಲ್ಲಿದ್ದ ಹೊಸ ತಟ್ಟೆಗಳೆಲ್ಲ ಆ ದಿನಕ್ಕೆ ಸ್ವಲ್ಪವೇ ಮೊದಲು ತಯಾರಾದವು. ಡಚ್ಚರ ‘ಗೆಲ್ಡರ್‌ಮಾಲ್ಸನ್’ 1752ರ ಜನವರಿಯಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಮುಳುಗಿತು. 1985ರಲ್ಲಿ ಅದನ್ನು ಹುಡುಕಿ ಸುಮಾರು ಒಂದೂವರೆ ಲಕ್ಷ ಪಿಂಗಾಣಿಗಳನ್ನು ಮೇಲೆತ್ತಿದರು. 1752ರ ತಟ್ಟೆ ಹೇಗಿರುತ್ತದೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ನಮಗೆ ಇನ್ನೂ ಹತ್ತಿರದ ಹಡಗು ‘ಡಯಾನಾ’. ಕ್ಯಾಂಟನ್‌ನಿಂದ ನಮ್ಮ ಮದರಾಸಿಗೆ ಹೊರಟಿದ್ದ ಆ ಹಡಗು 1817ರ ಮಾರ್ಚಿನಲ್ಲಿ ಮಲಾಕ್ಕ ಜಲಸಂಧಿಯಲ್ಲಿ ಬಂಡೆಗೆ ಬಡಿದು ಮುಳುಗಿತು. 1994ರಲ್ಲಿ ಅದರೊಳಗಿನ ಪಿಂಗಾಣಿಯನ್ನು ಮೇಲೆತ್ತಿ, ಮರುವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜು ಹಾಕಿದರು. ಸಾವಿರಾರು ನೀಲಿ-ಬಿಳಿ ತಟ್ಟೆ ಬಟ್ಟಲುಗಳು! ಎಲ್ಲವೂ ಭಾರತದ ಪೇಟೆಗೆಂದೇ ಹೊರಟಿದ್ದವು. ಅಂದರೆ ಚೀನಾದ ತಟ್ಟೆ ನಮ್ಮ ಕರಾವಳಿಯ ಮನೆಯಲ್ಲಿ ಸಿಗುವುದು ಪವಾಡವೇನಲ್ಲ. ಅದಕ್ಕೂ ಬಹು ಮೊದಲೇ ವಿಜಯನಗರಕ್ಕೆ ಚೀನಾದ ಪಿಂಗಾಣಿ ಬಂದಿತ್ತು. ಹಂಪಿಯ ಉತ್ಖನನಗಳಲ್ಲಿ ಅದರ ಚೂರುಗಳು ಸಿಕ್ಕಿವೆ. ಶಬ್ದವನ್ನೇ ನೋಡಿ. ಪಾರಸಿಯಲ್ಲಿ ‘ಪಿಂಗಾನ್’ ಎಂದರೆ ಬಟ್ಟಲು, ಮಲಯ ಭಾಷೆಯಲ್ಲಿ ‘ಪಿಂಗ್ಗಾನ್’ ಎಂದರೆ ತಟ್ಟೆ, ತಮಿಳಿನಲ್ಲಿ ‘ಪೀಂಗಾನ್’, ನಮ್ಮಲ್ಲಿ ‘ಪಿಂಗಾಣಿ’. ವಸ್ತು ತಿರುಗಿದ ದಾರಿಯಲ್ಲೇ ಮಾತೂ ತಿರುಗಿದೆ.

ಕೊಂಡಿಗಳ ಲೆಕ್ಕ

ಊರಿಗೆ ಬಂದ ರಾತ್ರಿಯೇ ಪರೀಕ್ಷೆ. ದೀಪ ಆರಿಸಿ, ತಟ್ಟೆಯನ್ನು ಗೋಡೆಗೂಡಿನಿಂದ ಇಳಿಸಿ, ತಂಗಿಯ ಕೈಗೇ ಬ್ಯಾಟರಿ ಕೊಟ್ಟೆ. ಮನೆಯವರೆಲ್ಲ ಸುತ್ತ ಕೂತಿದ್ದರು. ತಟ್ಟೆಯ ಹಿಂದೆ ಬೆಳಕು ಹೊತ್ತಿದೊಡನೆ ಹಾಲಿನ ಕೆನೆಯ ಬಣ್ಣದಲ್ಲಿ ಇಡೀ ತಟ್ಟೆ ಚಂದ್ರನಂತೆ ಬೆಳಗಿತು. ಅವಳ ಬೆರಳುಗಳ ನೆರಳು ಈಚೆಗೆ ಸ್ಪಷ್ಟವಾಗಿ ಮೂಡಿತು. ‘ಅಬ್ಬಾ!’ ಎಂದರು ಚಿಕ್ಕಮ್ಮ. ಐವತ್ತು ವರ್ಷ ಆ ಮನೆಯಲ್ಲಿದ್ದೂ ಅವರು ತಟ್ಟೆಯನ್ನು ಹೀಗೆ ಕಂಡಿರಲಿಲ್ಲ.

ಮುಂದಿನದನ್ನು ತಂಗಿಯೇ ನೋಡುತ್ತಾ ಹೋದಳು. ಅಂಚಿನ ಈಟಿಮೊನೆಗಳಲ್ಲಿ ಒಂದರಂತೆ ಒಂದಿಲ್ಲ. ಒಂದು ಕಡೆ ಜಾಗ ಸಾಲದೆ ಬರೆದವನು ಕೊನೆಯ ಮೊನೆಯನ್ನು ಅರ್ಧ ಗಾತ್ರಕ್ಕೆ ಕುಗ್ಗಿಸಿ ತುರುಕಿದ್ದಾನೆ. ‘ಅಣ್ಣಾ, ಇವನೂ ನನ್ ಹಾಂಗೇ, ಪರೀಕ್ಷೆ ಪೇಪರಲ್ಲಿ ಕಡೇ ಸಾಲಿಗೆ ಜಾಗ ಬಿಡದೇ ಇಲ್ಲೆ’ ಎಂದು ನಕ್ಕಳು. ತಳದ ಬಳೆ ಬತ್ತಲೆ, ಮೆರುಗಿನ ಅಂಚಿಗೆ ತುಕ್ಕುಬಣ್ಣದ ಗೆರೆ. ಗೀರುಗಳು ಎಲ್ಲ ದಿಕ್ಕಿಗೂ. ಐದು ಸಾಕ್ಷಿಗಳೂ ಒಂದೇ ಮಾತು ಹೇಳಿದವು. ಚೀನಾದ್ದೇ, ಕೈಬರಹದ್ದೇ, ನಾನ್‌ಕಿಂಗ್ ಬಗೆಯ ರಫ್ತಿನ ತಟ್ಟೆ. ಸುಮಾರು 1790ರಿಂದ 1820ರ ನಡುವಿನದು.

ಚಿಕ್ಕಪ್ಪ ಮೆಲ್ಲಗೆ ಕೇಳಿದರು: ‘ಹಾಗಾರೆ ಬೆಲೆ?’

ಆ ಪ್ರಶ್ನೆಗೆ ಉತ್ತರ ಹೇಳುವುದೇ ಕಷ್ಟವಾಯಿತು. ಇಂಥ ತಟ್ಟೆಗಳು ಹಡಗುಗಟ್ಟಲೆ ಬಂದಿದ್ದವು, ಜಗತ್ತಿನಲ್ಲಿ ಇನ್ನೂ ಲೆಕ್ಕವಿಲ್ಲದಷ್ಟು ಉಳಿದಿವೆ. ಮೇಲಾಗಿ ಇದು ಒಡೆದು ಕೊಂಡಿ ಹಾಕಿದ್ದು. ಐನೂರು ರೂಪಾಯಿಯ ಮಾತು ಮೋಸ, ಕೋಟಿಯ ಮಾತು ಭ್ರಮೆ. ನಿಜವಾದ ಬೆಲೆ ಒಂದು ವರ್ಷದ ಹಾಸ್ಟೆಲ್ ಖರ್ಚಿಗೂ ಸಾಲದು. ಹಾಗೆಂದು ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಚಿಕ್ಕಪ್ಪ ಎದ್ದು ಹೊರಗೆ ಹೋಗಿ ಅಂಗಳದಲ್ಲಿ ನಿಂತರು.

ಮೌನ ಮುರಿದವರು ಚಿಕ್ಕಮ್ಮ. ತಟ್ಟೆಯನ್ನು ಬೋರಲು ಹಾಕಿ ಕೊಂಡಿಗಳ ಮೇಲೆ ಬೆರಳಾಡಿಸುತ್ತಾ ತಮ್ಮ ಅತ್ತೆ ಹೇಳುತ್ತಿದ್ದ ಕತೆ ಹೇಳಿದರು. ಅತ್ತೆಯ ಅತ್ತೆ ಹೊಸ ಸೊಸೆಯಾಗಿ ಬಂದ ವರ್ಷ ಅದು ಅವರ ಕೈ ಜಾರಿ ಎರಡು ಹೋಳಾಯಿತಂತೆ. ಮನೆಯವರು ಬೈಯುತ್ತಾರೆಂದು ಹೆದರಿ ಹುಡುಗಿ ಇಡೀ ದಿನ ಕೊಟ್ಟಿಗೆಯಲ್ಲಿ ಅಡಗಿ ಕೂತಿದ್ದಳಂತೆ. ಮಾವ ಬೈಯಲಿಲ್ಲ. ಹೋಳುಗಳನ್ನು ಹುಲ್ಲಿನಲ್ಲಿ ಸುತ್ತಿ, ಮುಂಬಯಿಗೆ ಹೋಗುವ ಪತ್ತೆಮಾರಿಯಲ್ಲಿ ಕಳುಹಿಸಿ, ಕೊಂಡಿ ಹಾಕಿಸಿ ತರಿಸಿದರಂತೆ. ‘ಕೊಂಡಿಗೆ ಕೊಟ್ಟ ದುಡ್ಡಲ್ಲಿ ಹೊಸ ತಟ್ಟೆನೇ ಬರ್ತಿತ್ತು ಅಂತ ಅತ್ತೆ ಹೇಳ್ತಿದ್ರು. ಸೊಸೆ ಮನಸ್ಸು ಒಡಿಬಾರ್ದು ಅಂತ ಹಾಂಗೆ ಮಾಡಿದ್ದು’ ಎಂದರು.

ಮೆರುಗು, ಪಾದ, ಅಂಚು, ಕುಂಚ ಎಲ್ಲವನ್ನೂ ನೋಡಲು ಕಲಿಸಿದ ಜಿಂಗ್‌ಡೆಜೆನ್‌ನ ಅಜ್ಜಿ ಈ ಕೊಂಡಿಗಳ ವಿಷಯ ಹೇಳಿರಲಿಲ್ಲ. ಅದನ್ನು ಹೇಳಲು ಈ ಮನೆಯವರೇ ಬೇಕಿತ್ತು.

ಮರುವಾರ ಚಿಕ್ಕಪ್ಪ ಬ್ಯಾಂಕಿಗೆ ಹೋಗಿ ಶಿಕ್ಷಣ ಸಾಲದ ಅರ್ಜಿ ತಂದರು. ತಂಗಿ 2023ರಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರಿದಳು. ಸಾಲದ ಕಂತನ್ನು ತಾನೇ ಕಟ್ಟುತ್ತಿದ್ದಾಳೆ. ತಟ್ಟೆ ಗೋಡೆಗೂಡಿನಲ್ಲೇ ಇದೆ. ಪಕ್ಕದಲ್ಲಿ ಅವಳು ಬರೆದಿಟ್ಟ ಒಂದು ಚೀಟಿ: ‘ಜಿಂಗ್‌ಡೆಜೆನ್, ಚೀನಾ. ಸುಮಾರು 1790–1820. ಕೊಂಡಿಗಳು: ಮುಂಬಯಿ.’ ಈಗ ರಜೆಗೆ ಬರುವ ಮಕ್ಕಳಿಗೆ ಅದನ್ನು ಮುಟ್ಟಲು ಅವಕಾಶವಿದೆ. ಎರಡೂ ಕೈಯಲ್ಲಿ ಹಿಡಿಯಬೇಕು, ನೆಲದ ಮೇಲೆ ಕೂತಿರಬೇಕು, ಅಷ್ಟೆ.

ನೋಡಲು ಹೋಗುವವರಿಗೆ

ನಾನು ಬಸ್ಸಿನಲ್ಲಿ ಹೋಗಿದ್ದ ನಾನ್‌ಚಾಂಗ್–ಜಿಂಗ್‌ಡೆಜೆನ್ ದಾರಿಗೆ 2023ರ ಡಿಸೆಂಬರಿನಿಂದ ಅತಿವೇಗದ ರೈಲು ಬಂದಿದೆ. ಹಳೆಯ ಆವಿಗೆಗಳು, ಅರಮನೆಯ ಕಾರ್ಖಾನೆಯಿದ್ದ ಜಾಗ, ಸಾನ್‌ಬಾವೊದ ನೀರೊನಕೆಗಳನ್ನು ನೋಡಲು ಎರಡು ದಿನವಾದರೂ ಬೇಕು. ಅಷ್ಟು ದೂರ ಆಗದವರು ಕೊಚ್ಚಿಗೆ ಹೋಗಬಹುದು. ಮಟ್ಟಂಚೇರಿಯ ಯಹೂದಿ ಪ್ರಾರ್ಥನಾ ಮಂದಿರದ ನೆಲಕ್ಕೆ 18ನೇ ಶತಮಾನದಲ್ಲಿ ಕ್ಯಾಂಟನ್‌ನಿಂದ ತರಿಸಿದ ನೀಲಿ-ಬಿಳಿ ಪಿಂಗಾಣಿ ಹೆಂಚುಗಳನ್ನು ಹಾಸಿದ್ದಾರೆ. ಒಂದೊಂದೂ ಕೈಯಿಂದ ಬರೆದದ್ದು. ಮಕ್ಕಳನ್ನು ಕರೆದೊಯ್ದು, ಒಂದೇ ತೆರನಾದ ಎರಡು ಹೆಂಚು ಹುಡುಕಲು ಹೇಳಿ. ಕುಂಚಕ್ಕೂ ಛಾಪಿಗೂ ಇರುವ ವ್ಯತ್ಯಾಸ ಅರ್ಧ ಗಂಟೆಯಲ್ಲಿ ಅವರಿಗೇ ತಿಳಿಯುತ್ತದೆ.

ಅದಕ್ಕೂ ಮೊದಲು ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜಿಯ ಕಾಲದ ತಟ್ಟೆಯೇನಾದರೂ ಇದ್ದರೆ ಮೆಲ್ಲಗೆ ಇಳಿಸಿ, ಬೋರಲು ಹಾಕಿ ನೋಡಿ. ಬಿರುಕು ಬಿಟ್ಟಿದ್ದರೆ ಮಾತ್ರ ಬಡಿದು ನಾದ ಕೇಳಲು ಹೋಗಬೇಡಿ!